ಮುಂದಿನ ಬ್ಯಾಚ್ ಯಾವಾಗ ಹಾಕಬೇಕು? ಸಣ್ಣ ಔಷಧ ಕಾರ್ಖಾನೆಯಲ್ಲಿ ಬೇಡಿಕೆಯ ಲೆಕ್ಕ

ಪೀಣ್ಯದ ಒಂದು ಸಣ್ಣ ಔಷಧ ಕಾರ್ಖಾನೆಯಲ್ಲಿ ನಾನು ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಸಿರಪ್, ಮಾತ್ರೆ, ಒಂದಷ್ಟು ಆಯಿಂಟ್‌ಮೆಂಟ್ ಮಾಡುತ್ತೇವೆ. ನಮ್ಮಂಥ ಕಡೆ ಬೇಡಿಕೆ ಅಂದಾಜು ಅಂದರೆ ಸಾಮಾನ್ಯವಾಗಿ ಹೀಗೆ: ತಿಂಗಳ ಕೊನೆಯಲ್ಲಿ ಸೇಲ್ಸ್ ಮ್ಯಾನೇಜರ್ ಒಂದು ನಂಬರ್ ಹೇಳುತ್ತಾರೆ, ಯಜಮಾನರು ಅದಕ್ಕೆ ಶೇ. 10 ಸೇರಿಸುತ್ತಾರೆ, ಪ್ರೊಡಕ್ಷನ್‌ನವರು ಕೈಯಲ್ಲಿರುವ ಕಚ್ಚಾ ಮಾಲು ನೋಡಿ ಬ್ಯಾಚ್ ಹಾಕುತ್ತಾರೆ. ದೊಡ್ಡ ಕಂಪನಿಗಳ ಹತ್ತಿರ ಇದಕ್ಕೆಂದೇ ಸಾಫ್ಟ್‌ವೇರ್ ಇದೆ, ಜನ ಇದ್ದಾರೆ. ನಮಗೆ ಇರುವುದು ಒಂದು ಎಕ್ಸೆಲ್ ಶೀಟ್. ಅದು ಸಾಕು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ‘ಮುಂದಿನ ತಿಂಗಳು ಎಷ್ಟು ಬಾಟಲಿ ಹೋಗುತ್ತದೆ’ ಎಂದು ಸರಿಯಾಗಿ ಹೇಳಲು ಯಾರಿಂದಲೂ ಆಗುವುದಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳುವುದೂ ಬೇಡ. ನಾವು ಬಾಟಲಿ ಲೆಕ್ಕದಲ್ಲಿ ತಯಾರಿಸುವುದಿಲ್ಲ, ಬ್ಯಾಚ್ ಲೆಕ್ಕದಲ್ಲಿ ತಯಾರಿಸುತ್ತೇವೆ. 1,000 ಲೀಟರಿನ ಟ್ಯಾಂಕ್ ಇದ್ದರೆ 60 ಎಂ.ಎಲ್. ಬಾಟಲಿ ಲೆಕ್ಕದ ಪ್ರಕಾರ 16,666 ಬರಬೇಕು, ಕೈಗೆ ಸಿಗುವುದು ಸುಮಾರು 16,200. ಬೇಡಿಕೆ 9,000 ಇರಲಿ, 11,000 ಇರಲಿ, ಬ್ಯಾಚ್ ಒಂದೇ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಎಷ್ಟು’ ಅಲ್ಲ, ‘ಮುಂದಿನ ಬ್ಯಾಚ್ ಯಾವ ತಾರೀಖಿಗೆ’. ಇನ್ನು ಮುಂದೆ ಹೇಳುವುದೆಲ್ಲ ಆ ತಾರೀಖು ಹುಡುಕುವ ದಾರಿ.

ನಮ್ಮ ಬಿಲ್ಲನ್ನು ನಂಬಬೇಡಿ, ಸ್ಟಾಕಿಸ್ಟ್ ಕಪಾಟನ್ನು ನೋಡಿ

ಕಾರ್ಖಾನೆಯಿಂದ ಸ್ಟಾಕಿಸ್ಟ್‌ಗೆ, ಅಂದರೆ ಸಗಟು ಔಷಧ ವ್ಯಾಪಾರಿಗೆ, ಹೋಗುವ ಮಾಲು ಪ್ರೈಮರಿ. ಸ್ಟಾಕಿಸ್ಟ್‌ನಿಂದ ಮೆಡಿಕಲ್ ಶಾಪ್‌ಗೆ ಹೋಗುವುದು ಸೆಕೆಂಡರಿ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಕಾಣುವುದು ಪ್ರೈಮರಿ ಮಾತ್ರ. ಅದು ಬೇಡಿಕೆ ಅಲ್ಲ. ಟಾರ್ಗೆಟ್ ಮುಟ್ಟಲು 28ನೇ ತಾರೀಖಿನ ನಂತರ ತಳ್ಳಿದ ಮಾಲು ಅದರಲ್ಲಿ ಸೇರಿರುತ್ತದೆ.

ಒಂದು ಉದಾಹರಣೆ ನೋಡಿ. ಹುಬ್ಬಳ್ಳಿಯ ಒಬ್ಬ ಸ್ಟಾಕಿಸ್ಟ್‌ಗೆ ಮಾರ್ಚ್‌ನಲ್ಲಿ 2,400 ಬಾಟಲಿ ಬಿಲ್ ಆಗಿದೆ, ಏಪ್ರಿಲ್‌ನಲ್ಲಿ ಬರೀ 600. ನಮ್ಮ ಬಿಲ್ ಮಾತ್ರ ನೋಡಿದರೆ ಮಾರ್ಕೆಟ್ ಬಿದ್ದೇಹೋಯಿತು ಅನಿಸುತ್ತದೆ. ಈಗ ಅವರ ಸ್ಟಾಕ್ ಅಂಡ್ ಸೇಲ್ಸ್ ಸ್ಟೇಟ್‌ಮೆಂಟ್ ತೆಗೆಯಿರಿ. ಮಾರ್ಚ್ ಓಪನಿಂಗ್ 1,400, ಬಂದಿದ್ದು 2,400, ಕ್ಲೋಸಿಂಗ್ 2,100. ಅಂದರೆ ಅಂಗಡಿಗೆ ಹೋಗಿದ್ದು 1,700. ಏಪ್ರಿಲ್ ಓಪನಿಂಗ್ 2,100, ಬಂದಿದ್ದು 600, ಕ್ಲೋಸಿಂಗ್ 1,050. ಹೋಗಿದ್ದು 1,650. ಎರಡೂ ತಿಂಗಳು ಹೆಚ್ಚು ಕಡಿಮೆ ಒಂದೇ! ಓಪನಿಂಗ್‌ಗೆ ಬಂದಿದ್ದು ಕೂಡಿಸಿ, ಕ್ಲೋಸಿಂಗ್ ಮತ್ತು ನಮಗೆ ವಾಪಸ್ ಕಳಿಸಿದ್ದು ಕಳೆಯಿರಿ. ಇಷ್ಟೇ ಸೂತ್ರ.

ಸ್ಟೇಟ್‌ಮೆಂಟ್ ತರಿಸುವುದೇ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನಿಜ. “ಮೇಡಂ, ಅದನ್ನೆಲ್ಲಾ ಬರೆದು ಕೊಡಾಕ ಹುಡುಗರು ಇಲ್ರೀ ನಮ್ಮ ಕಡೆ” ಎನ್ನುತ್ತಾರೆ ಸ್ಟಾಕಿಸ್ಟ್‌ಗಳು. “ಬರೆಯೋದೇ ಬೇಡ ಸರ್, ನಿಮ್ಮ ಮಾರ್ಗ್ ಸಾಫ್ಟ್‌ವೇರಲ್ಲಿ ನಮ್ಮ ಕಂಪನಿ ಹೆಸರು ಹಾಕಿ, ಬರೋ ರಿಪೋರ್ಟ್ ವಾಟ್ಸಾಪ್ ಮಾಡಿ ಸಾಕು” ಎಂದರೆ ಎರಡು ನಿಮಿಷದ ಕೆಲಸ. ಎಲ್ಲ ಸ್ಟಾಕಿಸ್ಟ್‌ಗಳ ಹಿಂದೆ ಬೀಳಬೇಡಿ. ನಿಮ್ಮ ಬಿಲ್ಲಿಂಗ್‌ನ ಶೇ. 80 ಯಾರಿಂದ ಬರುತ್ತದೋ ಅವರದ್ದು ತಿಂಗಳ 5ನೇ ತಾರೀಖಿನೊಳಗೆ ಬಂದರೆ ಸಾಕು. ಉಳಿದದ್ದನ್ನು ಅದೇ ಅನುಪಾತದಲ್ಲಿ ಏರಿಸಿಕೊಳ್ಳಿ. ಎಂ.ಆರ್.ಗಳ (ಮೆಡಿಕಲ್ ರೆಪ್‌ಗಳ) ಮೇಲೆ ಈ ಕೆಲಸ ಹೊರಿಸುವುದಕ್ಕಿಂತ ನೀವೇ ಸ್ಟಾಕಿಸ್ಟ್ ಅಂಗಡಿಯ ಅಕೌಂಟೆಂಟ್ ಜೊತೆ ಮಾತಾಡಿ. ಪರಿಚಯವಾದರೆ ‘ಆ ಡ್ರಾಪ್ಸ್ ಕೇಳುವವರೇ ಇಲ್ಲ’ ಎಂಬ ಸುದ್ದಿ ನಿಮಗೆ ಮೊದಲು ಸಿಗುವುದು ಅವರಿಂದಲೇ.

ಸ್ಟೇಟ್‌ಮೆಂಟ್ ಕೈಗೆ ಬಂದ ಮೇಲೆ ಮೂರು ಕಡೆ ತಿದ್ದಬೇಕು.

ಸ್ಕೀಮ್ ಮೊದಲನೆಯದು. 10ಕ್ಕೆ 1 ಫ್ರೀ ಕೊಟ್ಟಿದ್ದರೆ 1,000 ಬಾಟಲಿ ಬಿಲ್ ಆದಾಗ ಹೊರಟಿದ್ದು 1,100. ಸೇಲ್ಸ್ ವರದಿ ಲಕ್ಷ ರೂಪಾಯಿಯಲ್ಲಿ ಇರುತ್ತದಲ್ಲ, ಫ್ರೀ ಮಾಲಿಗೆ ಬೆಲೆ ಇಲ್ಲ, ಹಾಗಾಗಿ ಅದು ಅಲ್ಲಿ ಕಾಣುವುದೇ ಇಲ್ಲ. ತಯಾರಿಸಬೇಕಾದವರು ಮಾತ್ರ ನಾವೇ. ಪ್ಲಾನಿಂಗ್ ಶೀಟ್ ಯಾವಾಗಲೂ ಬಾಟಲಿ, ಸ್ಟ್ರಿಪ್ ಲೆಕ್ಕದಲ್ಲಿರಲಿ, ರೂಪಾಯಿ ಲೆಕ್ಕದಲ್ಲಿ ಬೇಡ.

ಎರಡನೆಯದು ಸ್ಟಾಕ್ ಇಲ್ಲದ ದಿನಗಳು. ಒಂದು ತಿಂಗಳಲ್ಲಿ 12 ದಿನ ಮಾಲು ಇಲ್ಲದೆ 6,000 ಮಾತ್ರ ಹೋಗಿದ್ದರೆ ಬೇಡಿಕೆ 6,000 ಅಲ್ಲ. ಉಳಿದ 18 ದಿನಕ್ಕೆ 6,000 ಅಂದರೆ ಪೂರ್ತಿ ತಿಂಗಳಿಗೆ 10,000. ಇದನ್ನು ತಿದ್ದದೆ ಬಿಟ್ಟರೆ ಮುಂದಿನ ವರ್ಷ ಅದೇ ತಿಂಗಳು ಮತ್ತೆ ಕಡಿಮೆ ಮಾಡುತ್ತೀರಿ, ಮತ್ತೆ ಮಾಲು ಮುಗಿಯುತ್ತದೆ. ಆದರೆ ನಮ್ಮ ಗೋಡೌನ್ ಖಾಲಿ ಇದ್ದ ಮಾತ್ರಕ್ಕೆ ತಿದ್ದಬೇಡಿ. ಸ್ಟಾಕಿಸ್ಟ್ ಹತ್ತಿರವೂ ಖಾಲಿಯಾಗಿದ್ದ ದಿನಗಳನ್ನಷ್ಟೇ ಎಣಿಸಿ.

ಮೂರನೆಯದು ಎಕ್ಸ್‌ಪೈರಿ ವಾಪಸ್. ಅದು ಹಿಂದಿನ ಎಂದೋ ಮಾರಾಟವಾದಂತೆ ಕಂಡ ಮಾಲು. ಯಾವ ಪ್ರಾಡಕ್ಟ್ ಪದೇ ಪದೇ ವಾಪಸ್ ಬರುತ್ತದೋ ಅದರ ಹಳೆಯ ಅಂಕಿಗಳನ್ನೇ ಸ್ವಲ್ಪ ಇಳಿಸಿಕೊಳ್ಳಿ.

ಮಳೆ, ಶಾಲೆ, ಜ್ವರ

ನಮ್ಮ ಕಡೆ ಮಕ್ಕಳ ಸಿರಪ್‌ಗೆ ಎರಡು ಏರು ಕಾಲ. ಮೇ ಕೊನೆಗೆ ಶಾಲೆ ತೆರೆದು, ಜೂನ್‌ನಲ್ಲಿ ಮಳೆ ಹಿಡಿಯುತ್ತಿದ್ದಂತೆ ಒಂದು. ನವೆಂಬರ್ ಚಳಿಗೆ ಇನ್ನೊಂದು. ಜ್ವರದ ಔಷಧ ಜುಲೈನಿಂದ ಸೆಪ್ಟೆಂಬರ್‌ವರೆಗೆ ಜಾಸ್ತಿ, ಡೆಂಗಿ ಕಾಲ ಅದು. 2024ರಲ್ಲಿ ಡೆಂಗಿ ಎಷ್ಟು ಏರಿತೆಂದರೆ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದೇ ಘೋಷಿಸಿತು. ಓ.ಆರ್.ಎಸ್.ಗೆ ಮಾರ್ಚ್‌ನಿಂದ ಮೇ. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆಗೆ ಕಾಲವೇ ಇಲ್ಲ, ಅವಕ್ಕೆ ಕಳೆದ ಮೂರು ತಿಂಗಳ ಸರಾಸರಿ ತೆಗೆದರೆ ಮುಗಿಯಿತು.

ಕಾಲ ಇರುವ ಔಷಧಕ್ಕೆ ಮೂರು ತಿಂಗಳ ಸರಾಸರಿ ಮೋಸ ಮಾಡುತ್ತದೆ. ಏಪ್ರಿಲ್, ಮೇ ಸರಾಸರಿ ನೋಡಿ ಜುಲೈಗೆ ತಯಾರಿಸಿದರೆ ಜ್ವರ ಬಂದಾಗ ಕಪಾಟು ಖಾಲಿ. ಇಲ್ಲಿ ತಿಂಗಳ ಗುಣಾಂಕ ಬೇಕು. ಎರಡು ಮೂರು ವರ್ಷದ ಸೆಕೆಂಡರಿ ತೆಗೆದುಕೊಳ್ಳಿ. ವರ್ಷದ ಒಟ್ಟು ಮಾರಾಟವನ್ನು 12ರಿಂದ ಭಾಗಿಸಿ. ಸರಾಸರಿ 9,000 ಬಂದು, ಜುಲೈನಲ್ಲಿ 13,500 ಹೋಗಿದ್ದರೆ ಜುಲೈ ಗುಣಾಂಕ 1.5. ಏಪ್ರಿಲ್‌ನಲ್ಲಿ 6,300 ಆಗಿದ್ದರೆ 0.7. ಪ್ರತಿ ವರ್ಷದ ಗುಣಾಂಕ ಬೇರೆ ಬೇರೆ ತೆಗೆದು ಆಮೇಲೆ ಸರಾಸರಿ ಮಾಡಿ.

ಈಗ ಪ್ಯಾರಾಸಿಟಮಾಲ್ ಸಸ್ಪೆನ್ಷನ್ 60 ಎಂ.ಎಲ್. ಹಿಡಿದು ಒಂದು ಲೆಕ್ಕ ಪೂರ್ತಿ ಮಾಡೋಣ. ಅಂಕಿಗಳು ಉದಾಹರಣೆಗೆ ಹಾಕಿಕೊಂಡವು, ಗಾತ್ರ ಮಾತ್ರ ನಮ್ಮಂಥ ಕಾರ್ಖಾನೆಯದ್ದೇ. ಜೂನ್ ಮೊದಲ ವಾರ ಕೂತಿದ್ದೀರಿ. ಮಾರ್ಚ್‌ನಲ್ಲಿ 7,100 ಹೋಗಿದೆ, ಗುಣಾಂಕ 0.75. ಏಪ್ರಿಲ್ 6,600, ಗುಣಾಂಕ 0.7. ಮೇ 8,550, ಗುಣಾಂಕ 0.9. ಒಂದೊಂದನ್ನೂ ಅದರ ಗುಣಾಂಕದಿಂದ ಭಾಗಿಸಿ, ಮೂರರ ಸರಾಸರಿ ತೆಗೆಯಿರಿ. ಸುಮಾರು 9,460. ಕಾಲದ ಏರಿಳಿತ ತೆಗೆದ ಮೇಲಿನ ನಿಜವಾದ ಮಟ್ಟ ಇದು. ಜುಲೈಗೆ 1.5ರಿಂದ ಗುಣಿಸಿದರೆ 14,190. ಆಗಸ್ಟ್ ಗುಣಾಂಕ 1.4 ಆದರೆ 13,244.

ಬಾಟಲಿಯಿಂದ ತಾರೀಖಿಗೆ

ಇಲ್ಲಿಗೆ ಅಂದಾಜು ಮುಗಿಯಿತು ಎಂದು ಎಷ್ಟೋ ಜನ ನಿಲ್ಲಿಸುತ್ತಾರೆ. ಅಸಲಿ ಕೆಲಸ ಶುರುವಾಗುವುದೇ ಇಲ್ಲಿ.

ಜೂನ್ 30ಕ್ಕೆ ನಮ್ಮ ಗೋಡೌನ್‌ನಲ್ಲಿ 8,000, ಎಲ್ಲ ಸ್ಟಾಕಿಸ್ಟ್‌ಗಳ ಹತ್ತಿರ ಸೇರಿ 11,000 ಉಳಿಯುತ್ತದೆ ಎಂದುಕೊಳ್ಳಿ. ಒಟ್ಟು 19,000. ಇದು ಸೊನ್ನೆಗೆ ಬರುವವರೆಗೆ ಕಾಯುವ ಹಾಗಿಲ್ಲ. ಕಲಬುರಗಿಯಲ್ಲಿ ಮಾಲು ಇದ್ದು ಮಂಗಳೂರಲ್ಲಿ ಇಲ್ಲ ಎಂಬ ಪರಿಸ್ಥಿತಿ ಅದಕ್ಕೂ ಬಹಳ ಮುಂಚೆಯೇ ಬರುತ್ತದೆ. ಹಾಗಾಗಿ 20 ದಿನದ ಮಾಲು ಯಾವಾಗಲೂ ದಾರಿಯಲ್ಲಿ ಮತ್ತು ಕಪಾಟಿನಲ್ಲಿ ಇರಲಿ ಎಂದು ಒಂದು ಗೆರೆ ಹಾಕಿಕೊಳ್ಳಿ. ಆಗಸ್ಟ್ ವೇಗ ದಿನಕ್ಕೆ 427, 20 ದಿನಕ್ಕೆ ಸುಮಾರು 8,500. 19,000ದಲ್ಲಿ ಇದನ್ನು ಕಳೆದರೆ 10,500 ಉಳಿಯಿತು. ಜುಲೈ ವೇಗ ದಿನಕ್ಕೆ 458. ಭಾಗಿಸಿದರೆ 23 ದಿನ. ಜುಲೈ 23ಕ್ಕೆ ಹೊಸ ಬ್ಯಾಚ್ ಸ್ಟಾಕಿಸ್ಟ್ ಕೈಯಲ್ಲಿರಬೇಕು.

ಅಲ್ಲಿಂದ ಹಿಂದಕ್ಕೆ ಎಣಿಸಿ. ತಯಾರಿ, ಫಿಲ್ಲಿಂಗ್, ಪ್ಯಾಕಿಂಗ್ 4 ದಿನ. ಕ್ಯೂಸಿ (ಗುಣಮಟ್ಟ ಪರೀಕ್ಷಿಸುವ ವಿಭಾಗ) ಪರೀಕ್ಷೆ 7 ದಿನ, ಸೂಕ್ಷ್ಮಜೀವಿ ಪರೀಕ್ಷೆಗೆ ಪ್ಲೇಟ್ ಇಟ್ಟು ಕಾಯಲೇಬೇಕು. ಕ್ಯೂಎ (ಗುಣಮಟ್ಟ ಖಾತ್ರಿ ವಿಭಾಗ) ಬ್ಯಾಚ್ ರೆಕಾರ್ಡ್ ನೋಡಿ ರಿಲೀಸ್ ಮಾಡಲು 2 ದಿನ. ಲಾರಿ 2 ದಿನ. ಒಟ್ಟು 15. ಅಂದರೆ ಜುಲೈ 8ಕ್ಕೆ ಬ್ಯಾಚ್ ಶುರುವಾಗಬೇಕು. ಅದಕ್ಕೂ ಮೊದಲು ಎ.ಪಿ.ಐ. (ಔಷಧದ ಮೂಲ ವಸ್ತು), ಗ್ಲಿಸರಿನ್, ಸಾರ್ಬಿಟಾಲ್, ಬಾಟಲಿ, ಲೇಬಲ್, ಕಾರ್ಟನ್ ಬಂದು, ಪರೀಕ್ಷೆ ಮುಗಿಯುವವರೆಗೆ ಬೇರೆ ಇಡುವ ಕ್ವಾರಂಟೈನ್ ದಾಟಿ ಪಾಸಾಗಿರಬೇಕು. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸಾರ್ಬಿಟಾಲ್‌ಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿಲ್ಲ ಎಂಬ ಪರೀಕ್ಷೆ ಮುಗಿಯದೆ ಒಂದು ಹನಿಯೂ ಟ್ಯಾಂಕಿಗೆ ಹೋಗಬಾರದು. ಇದಕ್ಕೆಲ್ಲ ಒಂದು ತಿಂಗಳು ಹಿಡಿಯಿರಿ. ಆಯಿತಲ್ಲ, ಜುಲೈ ಕೊನೆಯ ಜ್ವರಕ್ಕೆ ಪರ್ಚೇಸ್ ಆರ್ಡರ್ ಹೋಗಬೇಕಾದ್ದು ಜೂನ್ ಮೊದಲ ವಾರದಲ್ಲೇ. ಜುಲೈ ಮಧ್ಯದಲ್ಲಿ ಆಸ್ಪತ್ರೆಗಳು ತುಂಬಿದ ಸುದ್ದಿ ನೋಡಿ ಓಡಾಡಿದರೆ ಮಾಲು ಬರುವುದು ಆಗಸ್ಟ್ ಕೊನೆಗೆ.

ಕ್ಯೂಸಿ ದಿನಗಳನ್ನು ಕತ್ತರಿಸಿ ತಾರೀಖು ಹೊಂದಿಸುವ ಒತ್ತಡ ಯಾವಾಗಲೂ ಇರುತ್ತದೆ. ನಾನು ಇದನ್ನು ಗಟ್ಟಿಯಾಗಿ ಹೇಳುತ್ತೇನೆ: ಆ ದಿನಗಳನ್ನು ಮುಟ್ಟಬೇಡಿ. ಕುಡಿಯುವುದು ಮಕ್ಕಳು. ಅಂದಾಜನ್ನು ಮುಂಚೆ ಮಾಡುವುದೇ ಆ ಏಳು ದಿನ ಕ್ಯೂಸಿಯವರಿಗೆ ನೆಮ್ಮದಿಯಾಗಿ ಸಿಗಲಿ ಅಂತ.

ಈಗ ನನಗೆ ತುಂಬಾ ಉಪಯೋಗಕ್ಕೆ ಬಂದ ಒಂದು ಲೆಕ್ಕ. ನಮ್ಮ ಅಂದಾಜು ಶೇ. 15 ಕಡಿಮೆಯಾಗಿತ್ತು ಎಂದುಕೊಳ್ಳಿ. ದಿನಕ್ಕೆ 458 ಬದಲು 527 ಹೋಗುತ್ತಿದೆ. 10,500ನ್ನು 527ರಿಂದ ಭಾಗಿಸಿದರೆ 20 ದಿನ. ತಾರೀಖು ಜುಲೈ 23ರಿಂದ 20ಕ್ಕೆ ಬಂತು, ಅಷ್ಟೇ. ಶೇ. 15 ತಪ್ಪು ಎಂದರೆ ಮೀಟಿಂಗಿನಲ್ಲಿ ಜಗಳವಾಗುತ್ತದೆ. ಮೂರು ದಿನ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ, ‘ಸರಿ, ನಾಲ್ಕು ದಿನ ಮುಂಚೆ ಹಾಕೋಣ’ ಎಂದು ಮಾತು ಮುಗಿಯುತ್ತದೆ. ಪ್ರತಿ ಪ್ರಾಡಕ್ಟ್‌ಗೂ ನಿಮ್ಮ ಮಾಮೂಲಿ ತಪ್ಪು ಎಷ್ಟು ದಿನಕ್ಕೆ ಸಮ ಎಂದು ತಿಳಿದುಕೊಳ್ಳಿ. ಅಷ್ಟು ದಿನ ಮುಂಚೆ ಬ್ಯಾಚ್ ಇಡಿ.

ನಿಧಾನಕ್ಕೆ ಹೋಗುವ ಮಾತ್ರೆಗಳು

ದುಡ್ಡು ಕಳೆಯುವುದು ಇಲ್ಲಿ. 5 ಲಕ್ಷ ಮಾತ್ರೆಯ ಬ್ಯಾಚ್, ತಿಂಗಳಿಗೆ 25,000 ಹೋಗುತ್ತದೆ ಅಂದರೆ 20 ತಿಂಗಳ ಮಾಲು. ಶೆಲ್ಫ್ ಲೈಫ್ 24 ತಿಂಗಳು. ಎಕ್ಸ್‌ಪೈರಿಗೆ ಆರು ತಿಂಗಳು ಇದೆ ಅಂದರೆ ಸ್ಟಾಕಿಸ್ಟ್ ಮುಟ್ಟುವುದಿಲ್ಲ. ಅಂದಾಜು ಎಷ್ಟೇ ಸರಿಯಿದ್ದರೂ ಇಲ್ಲಿ ಮಾಲು ಉಳಿದೇ ಉಳಿಯುತ್ತದೆ. ನನ್ನ ನಿಯಮ: ಒಂದು ಬ್ಯಾಚ್ ಶೆಲ್ಫ್ ಲೈಫ್‌ನ ಮೂರನೇ ಒಂದು ಭಾಗದೊಳಗೆ ಖಾಲಿಯಾಗಬೇಕು, 24 ತಿಂಗಳಿಗೆ 8. ಆಗದಿದ್ದರೆ ಚಿಕ್ಕ ಬ್ಯಾಚ್ ಬೇಕು. ಬ್ಯಾಚ್ ಗಾತ್ರ ಬದಲಾದರೆ ಮತ್ತೆ ಮೂರು ಬ್ಯಾಚ್ ವ್ಯಾಲಿಡೇಷನ್ ಮಾಡಬೇಕು, ಅಂದರೆ ಪ್ರತಿ ಸಲವೂ ಒಂದೇ ಗುಣಮಟ್ಟ ಬರುತ್ತದೆ ಎಂದು ತೋರಿಸಬೇಕು, ಖರ್ಚಿದೆ. ಆದರೂ ಒಂದೇ ಸಲದ ಖರ್ಚು ಅದು. ಇನ್ನೊಬ್ಬರ ಚಿಕ್ಕ ಮೆಷಿನ್‌ನಲ್ಲಿ ಮಾಡಿಸಬಹುದು. ಎರಡೂ ಆಗದಿದ್ದರೆ ಆ ಪ್ರಾಡಕ್ಟ್ ಬಿಡುವ ಮಾತು ಯಜಮಾನರ ಮುಂದೆ ಇಡಿ, ಅಂಕಿ ತೋರಿಸಿ.

ಟೆಂಡರ್ ಬೇರೆ ಶೀಟ್‌ನಲ್ಲಿ

ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಟೆಂಡರ್ ಆಗಲಿ, ಜನೌಷಧಿ ಆಗಲಿ, ಅದನ್ನು ಮಾರ್ಕೆಟ್ ಸರಾಸರಿಗೆ ಸೇರಿಸಲೇಬೇಡಿ. ಟೆಂಡರ್ ಬಂದರೆ ಪೂರ್ತಿ ಬರುತ್ತದೆ, ಬರದಿದ್ದರೆ ಏನೂ ಇಲ್ಲ. ‘ಸಿಗುವ ಸಾಧ್ಯತೆ ಅರ್ಧ, ಅದಕ್ಕೆ ಅರ್ಧ ತಯಾರಿ ಮಾಡೋಣ’ ಎಂಬುದು ಎರಡೂ ಕಡೆ ಹೊಡೆತ. ಸರ್ಕಾರಿ ಆಸ್ಪತ್ರೆಯ ಪ್ಯಾಕ್ ಮೇಲೆ ‘ಮಾರಾಟಕ್ಕಲ್ಲ’ ಎಂದು ಅಚ್ಚಾಗಿರುತ್ತದೆ, ಉಳಿದರೆ ಅಂಗಡಿಗೆ ಹಾಕುವ ಹಾಗಿಲ್ಲ. ಸರಬರಾಜು ಮಾಡುವಾಗ ಶೆಲ್ಫ್ ಲೈಫ್‌ನ ಬಹುಪಾಲು ಬಾಕಿ ಇರಬೇಕು ಎಂಬ ಷರತ್ತೂ ಇರುತ್ತದೆ, ಹಾಗಾಗಿ ಮೊದಲೇ ಮಾಡಿಟ್ಟು ಕಾಯಲೂ ಆಗುವುದಿಲ್ಲ. ಬಿಡ್ ಹಾಕುವಾಗಲೇ ಎ.ಪಿ.ಐ. ಸಪ್ಲೈಯರ್ ಹತ್ತಿರ ಬೆಲೆ ಮತ್ತು ದಿನ ಮಾತಾಡಿಟ್ಟುಕೊಳ್ಳಿ. ಕಚ್ಚಾ ಮಾಲು ಕೊಳ್ಳುವುದು ಟೆಂಡರ್ ಆರ್ಡರ್ ಕೈಗೆ ಬಂದ ಮೇಲೆ. ಮೆಷಿನ್ ಕ್ಯಾಲೆಂಡರ್‌ನಲ್ಲಿ ಮಾತ್ರ ಜಾಗ ಗುರುತು ಹಾಕಿಡಿ.

ಹಳೆಯ ಅಂಕಿಗೆ ಗೊತ್ತಿಲ್ಲದ ಸಂಗತಿಗಳು

ಶೀಟ್‌ನಲ್ಲಿ ಪ್ರತಿ ತಿಂಗಳ ಪಕ್ಕ ಒಂದು ಟಿಪ್ಪಣಿ ಕಾಲಂ ಇಡಿ. 2025ರ ಸೆಪ್ಟೆಂಬರ್ ಪಕ್ಕ ಏನು ಬರೆಯಬೇಕು? ಆ ತಿಂಗಳ 3ರಂದು ಜಿ.ಎಸ್.ಟಿ. ಇಳಿಕೆ ಪ್ರಕಟವಾಯಿತು, 22ರಿಂದ ಬಹುತೇಕ ಔಷಧಗಳ ತೆರಿಗೆ ಶೇ. 12ರಿಂದ 5ಕ್ಕೆ ಬಂತು. ನಡುವಿನ ದಿನಗಳಲ್ಲಿ ಸ್ಟಾಕಿಸ್ಟ್‌ಗಳು ಕೈ ಹಿಡಿದು ಕೂತರು. ಪ್ರೈಮರಿ ಬಿತ್ತು, ಕಾಯಿಲೆಯವರು ಔಷಧ ತೆಗೆದುಕೊಳ್ಳುವುದು ನಿಂತಿರಲಿಲ್ಲ. 2017ರ ಜೂನ್‌ನಲ್ಲಿ ಜಿ.ಎಸ್.ಟಿ. ಬರುವ ಮುಂಚೆಯೂ ಹೀಗೇ ಆಗಿತ್ತು. ಟಿಪ್ಪಣಿ ಇಲ್ಲದಿದ್ದರೆ ಮುಂದಿನ ವರ್ಷ ಯಾರೋ ‘ಸೆಪ್ಟೆಂಬರ್ ಡಲ್ ತಿಂಗಳು’ ಎಂದುಕೊಳ್ಳುತ್ತಾರೆ.

2025ರ ಸೆಪ್ಟೆಂಬರ್‌ನ ಮುಂದಿನ ತಿಂಗಳೇ ಕೆಮ್ಮಿನ ಸಿರಪ್ ವಿಷಯ. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಅದನ್ನು ಕುಡಿದು ಮಕ್ಕಳು ಸತ್ತ ಮೇಲೆ, ಅಕ್ಟೋಬರ್ ಮೊದಲ ವಾರ ಕೇಂದ್ರದ ಸೂಚನೆ ಬಂತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿ ಔಷಧ ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಇಂಥ ಕಡೆ ಹಳೆಯ ಗುಣಾಂಕ ಎತ್ತಿಕೊಂಡು ನವೆಂಬರ್‌ಗೆ ತಯಾರಿಸುವುದು ತಪ್ಪು. ಮಕ್ಕಳ ಪ್ಯಾಕ್, ದೊಡ್ಡವರ ಪ್ಯಾಕ್ ಬೇರೆ ಬೇರೆ ಮಾಡಿ, ಮಕ್ಕಳದ್ದರ ಹಳೆಯ ಅಂಕಿ ಬದಿಗಿಟ್ಟು, ವಾರ ವಾರ ಸ್ಟಾಕಿಸ್ಟ್ ಕ್ಲೋಸಿಂಗ್ ನೋಡಿ ಹೊಸದಾಗಿ ಶುರು ಮಾಡಿ. ಅಂಥ ಬೇಡಿಕೆ ವಾಪಸ್ ಬರಲಿ ಎಂದು ಆಸೆ ಪಡುವುದೂ ಸರಿಯಲ್ಲ.

ಏಪ್ರಿಲ್ 1 ಇನ್ನೊಂದು. ಬೆಲೆ ನಿಯಂತ್ರಣದಲ್ಲಿರುವ ಔಷಧಗಳಿಗೆ ಸಗಟು ಬೆಲೆ ಸೂಚ್ಯಂಕ ನೋಡಿ ಗರಿಷ್ಠ ದರ ಬದಲಾಗುತ್ತದೆ. 2023ರಲ್ಲಿ ಶೇ. 12.12 ಏರಿತು, 2024ರಲ್ಲಿ ಶೇ. 0.00551. ದೊಡ್ಡ ಏರಿಕೆಯ ವರ್ಷ ಮಾರ್ಚ್‌ನಲ್ಲೇ ಕೊಂಡಿಡುವ ಆಸೆ ಇರುತ್ತದೆ, ಇನ್ನೊಂದು ವರ್ಷ ಇರುವುದಿಲ್ಲ. ಎರಡು ಮಾರ್ಚ್‌ಗಳನ್ನು ಹೋಲಿಸುವ ಮುನ್ನ ಇದನ್ನು ನೋಡಿ. ಇನ್ನು ನಿಷೇಧ. 2024ರ ಆಗಸ್ಟ್‌ನಲ್ಲಿ ಒಂದಕ್ಕಿಂತ ಹೆಚ್ಚು ಔಷಧ ಬೆರೆಸಿದ 156 ಸಂಯೋಜನೆಗಳು ಒಂದೇ ಸಲ ನಿಂತವು. ಅಂಥ ದಿನ ನಷ್ಟ ಎಷ್ಟು ಎಂಬುದು ಗೋಡೌನ್‌ನಲ್ಲಿ ಮಾತ್ರೆ ಸ್ಟ್ರಿಪ್‌ನ ಎಷ್ಟು ಅಚ್ಚಾದ ಫಾಯಿಲ್ ಇದೆ ಎಂಬುದರ ಮೇಲೆ ನಿಂತಿರುತ್ತದೆ. ಕಡಿಮೆ ರೇಟ್ ಸಿಗುತ್ತದೆಂದು ಒಂದು ವರ್ಷದ ಫಾಯಿಲ್ ಒಟ್ಟಿಗೆ ತರಿಸಬೇಡಿ.

ತಿಂಗಳಿಗೊಮ್ಮೆ ಕೂರಿ

ತಪ್ಪು ಅಳೆಯುವುದು ಸುಲಭ. ಪ್ರತಿ ಪ್ರಾಡಕ್ಟ್‌ನ ಅಂದಾಜು ಮತ್ತು ನಿಜದ ವ್ಯತ್ಯಾಸ, ಪ್ಲಸ್ ಮೈನಸ್ ಬಿಟ್ಟು ಕೂಡಿಸಿ, ಒಟ್ಟು ಮಾರಾಟದಿಂದ ಭಾಗಿಸಿ. ಬಿಡಿ ಬಿಡಿ ಶೇಕಡಾವಾರು ತೆಗೆದು ಸರಾಸರಿ ಮಾಡಿದರೆ ತಿಂಗಳಿಗೆ 50 ಬಾಟಲಿ ಹೋಗುವ ಪ್ರಾಡಕ್ಟ್ ಇಡೀ ಲೆಕ್ಕ ಕೆಡಿಸುತ್ತದೆ. ಆಮೇಲೆ ಪ್ಲಸ್ ಮೈನಸ್ ಸಮೇತ ಕೂಡಿಸಿ ನೋಡಿ. ಸತತ ನಾಲ್ಕೈದು ತಿಂಗಳು ಒಂದೇ ಕಡೆ ವಾಲುತ್ತಿದ್ದರೆ ಯಾರದ್ದೋ ಆಸೆ ಅಂದಾಜಿನೊಳಗೆ ಸೇರಿಕೊಂಡಿದೆ ಎಂದರ್ಥ. ‘ಕಳೆದ ವರ್ಷ ಇದೇ ತಿಂಗಳು ಹೋದಷ್ಟೇ’ ಎಂಬ ಸುಮ್ನೆ ಲೆಕ್ಕ ನಿಮ್ಮದಕ್ಕಿಂತ ಹತ್ತಿರ ಬಂದರೆ ಆ ಪ್ರಾಡಕ್ಟ್‌ಗೆ ಅದನ್ನೇ ಬಳಸಿ.

ಮೀಟಿಂಗ್ 6 ಅಥವಾ 7ನೇ ತಾರೀಖು. ಸೇಲ್ಸ್, ಪ್ರೊಡಕ್ಷನ್, ಪರ್ಚೇಸ್, ಕ್ಯೂಸಿ, ನಾಲ್ಕೂ ಕಡೆಯಿಂದ ಒಬ್ಬೊಬ್ಬರು ಇರಲೇಬೇಕು. ಸೇಲ್ಸ್‌ನವರು ನಂಬರ್ ಬದಲಿಸಬಹುದು, ಆದರೆ ಕಾರಣ ಟಿಪ್ಪಣಿ ಕಾಲಂನಲ್ಲಿ ಬರೆಯಬೇಕು: ‘ದಾವಣಗೆರೆಯಲ್ಲಿ ಹೊಸ ಸ್ಟಾಕಿಸ್ಟ್’, ‘ಇನ್ನೊಂದು ಕಂಪನಿಯ ಮಾಲು ಮಾರ್ಕೆಟ್‌ನಲ್ಲಿ ಇಲ್ಲ’. ಮೀಟಿಂಗಿನಿಂದ ಹೊರಬರುವುದು ಒಂದೇ ಹಾಳೆ. ಪ್ರಾಡಕ್ಟ್, ಬ್ಯಾಚ್ ಶುರುವಾಗುವ ತಾರೀಖು, ಕಚ್ಚಾ ಮಾಲು ಪಾಸಾಗಬೇಕಾದ ತಾರೀಖು, ಆರ್ಡರ್ ಹೋಗಬೇಕಾದ ತಾರೀಖು. ಆ ಹಾಳೆ ಸ್ಟೋರ್ಸ್ ಗೋಡೆ ಮೇಲೆ ಒಂದು, ಕ್ಯೂಸಿ ಲ್ಯಾಬ್ ಬಾಗಿಲ ಮೇಲೆ ಒಂದು ಅಂಟಿಸಿ. ಆರ್ಡರ್ ತಾರೀಖು ದಾಟಿದ ಸಾಲಿಗೆ ಕೆಂಪು ಗೆರೆ ಎಳೆದು, ಅದೇ ದಿನ ಯಜಮಾನರಿಗೆ ಫೋನ್ ಮಾಡಿ.